ನ್ಯೂಕ್ ನಾನ್‌ಕಮರ್ಷಿಯಲ್: ವಿಎಫ್‌ಎಕ್ಸ್ ಕೋರ್ಸ್ ಮುಗಿಸಿ ಮನೆಯಲ್ಲಿ ಕೂತವರಿಗೆ ಇದು ಸಾಕೇ?

ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ವಿಎಫ್‌ಎಕ್ಸ್ (ಸಿನಿಮಾದ ದೃಶ್ಯ ಚಮತ್ಕಾರ) ಕೋರ್ಸ್ ಮುಗಿಸಿ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗೆ ವಾಪಸಾದವರಿಗೆ ಮೊದಲು ಕೈತಪ್ಪುವುದು ಸಾಫ್ಟ್‌ವೇರ್. ಲ್ಯಾಬಿನ ಲೈಸೆನ್ಸ್ ಲ್ಯಾಬಿನಲ್ಲೇ ಉಳಿಯುತ್ತದೆ. ಕೈಯಲ್ಲಿ ಇರುವುದು ಒಂದು ಸರ್ಟಿಫಿಕೇಟ್, ಒಂದು ಪೆನ್‌ಡ್ರೈವ್. ಕೆಲಸಕ್ಕೆ ಅರ್ಜಿ ಹಾಕಿ ಉತ್ತರ ಬರುವಷ್ಟರಲ್ಲಿ ಎರಡು ಮೂರು ತಿಂಗಳು ಅಭ್ಯಾಸ ತಪ್ಪಿರುತ್ತದೆ, ರೋಟೊ (ಚಲಿಸುವ ವಸ್ತುವಿನ ಸುತ್ತ ಶೇಪು ಎಳೆದು ಅದನ್ನು ಹಿನ್ನೆಲೆಯಿಂದ ಬಿಡಿಸುವುದು) ಮಾಡುವ ಕೈ ಮರಗಟ್ಟಿರುತ್ತದೆ. ಆ ಖಾಲಿ ತಿಂಗಳುಗಳಿಗೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹುಡುಕುವವರೇ ಹೆಚ್ಚು. ಅದರ ಅಗತ್ಯವೇ ಇಲ್ಲ. ಫೌಂಡ್ರಿ ಕಂಪನಿಯವರು ಪುಕ್ಕಟೆ ಕೊಡುವ ನ್ಯೂಕ್ ನಾನ್‌ಕಮರ್ಷಿಯಲ್ ಎಂಬ ಆವೃತ್ತಿ ಉಂಟು. ಕೋರ್ಸ್‌ಗೂ ಸ್ಟುಡಿಯೊಗೂ ನಡುವಿನ ಹೊಳೆ ದಾಟಲು ಅದು ಎಷ್ಟು ಗಟ್ಟಿಯಾದ ಪಾಲ (ಅಂದರೆ ಸಂಕ), ಎಲ್ಲಿ ಹಲಗೆ ಲಡ್ಡು ಹಿಡಿದಿದೆ ಎಂಬುದು ಇಲ್ಲಿಯ ವಿಷಯ.

ನ್ಯೂಕ್ ಎಂದರೆ ಕಾಂಪೊಸಿಟಿಂಗ್ ಸಾಫ್ಟ್‌ವೇರ್. ಕ್ಯಾಮೆರಾದಲ್ಲಿ ತೆಗೆದ ಪ್ಲೇಟು, ಕಂಪ್ಯೂಟರಿನಲ್ಲಿ ಮಾಡಿದ ತ್ರೀಡಿ, ಬಣ್ಣದ ಪರದೆಯ ಮುಂದೆ ನಿಂತ ನಟ, ಇವೆಲ್ಲವನ್ನು ಒಂದೇ ಚಿತ್ರವಾಗಿ ಸೇರಿಸುವ ಜಾಗ. 1993ರ ಸುಮಾರಿಗೆ ಅಮೆರಿಕದ ಡಿಜಿಟಲ್ ಡೊಮೇನ್ ಸ್ಟುಡಿಯೊ ತನ್ನ ಸ್ವಂತ ಕೆಲಸಕ್ಕೆಂದು ಕಟ್ಟಿಕೊಂಡದ್ದು. 2007ರಲ್ಲಿ ಲಂಡನ್ನಿನ ಫೌಂಡ್ರಿ ಅದನ್ನು ವಹಿಸಿಕೊಂಡಿತು. ಸಿನಿಮಾ ಮಟ್ಟದ ಕಾಂಪೊಸಿಟಿಂಗಿಗೆ ಈಗ ಇದೇ ರೂಢಿ. ಜಾಹೀರಾತು, ಟಿವಿ, ಕಡಿಮೆ ಬಜೆಟ್ಟಿನ ಚಿತ್ರಗಳಲ್ಲಿ ಆಫ್ಟರ್ ಎಫೆಕ್ಟ್ಸ್ ಇನ್ನೂ ಓಡುತ್ತದೆ, ಆದರೆ ದೊಡ್ಡ ಸ್ಟುಡಿಯೊದ ಪ್ರವೇಶ ಪರೀಕ್ಷೆಗೆ ಕೂತರೆ ಎದುರಿಗೆ ಬರುವುದು ನ್ಯೂಕ್ ಅಥವಾ ರೋಟೊಗೆಂದೇ ಇರುವ ಸಿಲೂಯೆಟ್.

ಪುಕ್ಕಟೆಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಫೌಂಡ್ರಿಯ ಜಾಲತಾಣದಲ್ಲಿ ಖಾತೆ ತೆರೆದು ಇಳಿಸಿಕೊಂಡರೆ ನ್ಯೂಕ್ ಮಾತ್ರ ಅಲ್ಲ, ನ್ಯೂಕ್‌ಎಕ್ಸ್, ನ್ಯೂಕ್ ಸ್ಟುಡಿಯೊ ಎರಡೂ ಒಟ್ಟಿಗೆ ಬರುತ್ತವೆ. ಕ್ಯಾಮೆರಾ ಟ್ರ್ಯಾಕರ್, ಡಿನಾಯ್ಸ್ ಮುಂತಾದ ನ್ಯೂಕ್‌ಎಕ್ಸ್ ನೋಡ್‌ಗಳು (ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆ, ಅವನ್ನು ಗೆರೆಯಿಂದ ಜೋಡಿಸುತ್ತಾ ಹೋಗುವುದೇ ನ್ಯೂಕಿನ ಕ್ರಮ) ಕೈಗೆ ಸಿಗುತ್ತವೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ವಾಟರ್‌ಮಾರ್ಕ್ ಇಲ್ಲ.

ಮಿತಿಗಳು ಇವು. ವ್ಯೂವರ್ (ಚಿತ್ರ ನೋಡುವ ಕಿಟಕಿ) ಮತ್ತು ರೈಟ್ ನೋಡ್ (ಕಡತ ಬರೆಯುವುದು) 1920x1080ಕ್ಕಿಂತ ಮೇಲೆ ಹೋಗುವುದಿಲ್ಲ. ಎಚ್.264, ಎಂಪೆಗ್4 ವಿಡಿಯೊ ಬರೆಯಲು ಬರುವುದಿಲ್ಲ. ಪ್ರೈಮ್ಯಾಟ್, ಅಲ್ಟಿಮ್ಯಾಟ್ ಕೀಯರ್‌ಗಳು (ಪರದೆಯ ಬಣ್ಣ ತೆಗೆದುಹಾಕುವವು), ಬ್ಲಿಂಕ್‌ಸ್ಕ್ರಿಪ್ಟ್, ರೈಟ್‌ಜಿಯೊ, ಜನರೇಟ್‌ಲಟ್ ನೋಡ್‌ಗಳು ಕೆಲಸ ಮಾಡುವುದಿಲ್ಲ. ಪೈಥಾನ್ ಕೋಡಿನಿಂದ ಮುಟ್ಟಬಹುದಾದ ನೋಡ್‌ಗಳು ಹತ್ತು ಮಾತ್ರ. ಉಳಿಸಿದ ಕಡತ ಎನ್‌ಕೆಎನ್‌ಸಿ ಎಂಬ ಬಾಲದೊಂದಿಗೆ ಬೀಗ ಹಾಕಿಕೊಂಡು ಕೂರುತ್ತದೆ, ದುಡ್ಡು ಕೊಟ್ಟು ಕೊಂಡ ನ್ಯೂಕಿನಲ್ಲಿ ಅದು ತೆರೆಯುವುದಿಲ್ಲ. ನೋಡ್‌ಗಳನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿದರೂ ಓದಲು ಬರುವ ಅಕ್ಷರ ಸಿಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಇದರಲ್ಲಿ ಸಂಬಳದ ಅಥವಾ ಕಮಾಯಿಯ ಕೆಲಸ ಮಾಡುವಂತಿಲ್ಲ.

ಈ ಪಟ್ಟಿ ನೋಡಿ ಹೆದರುವವರು ಸುಮ್ಮನೆ ಹೆದರುತ್ತಾರೆ. ಕೆಲಸ ಹುಡುಕುವವರಿಗೆ ಎಚ್‌ಡಿ ಮಿತಿ ತೊಂದರೆಯೇ ಅಲ್ಲ. ಶೋರೀಲ್ ನೋಡುವವರು ಅದನ್ನು ಎಚ್‌ಡಿಯಲ್ಲೇ ನೋಡುತ್ತಾರೆ. ಫೋನಿನಲ್ಲಿ 3840x2160ರಲ್ಲಿ ತೆಗೆದ ಪ್ಲೇಟಿದ್ದರೆ ರೀಡ್ ನೋಡಿನ (ಕಡತ ಒಳಗೆ ತರುವುದು) ಕೆಳಗೇ ಒಂದು ರಿಫಾರ್ಮ್ಯಾಟ್ ಹಾಕಿ ಎಚ್‌ಡಿಗೆ ಇಳಿಸಿ, ಆಮೇಲೆ ರೋಟೊ ಶುರು ಮಾಡಿ. ಮೊದಲು ರೋಟೊ ಮಾಡಿ ಆಮೇಲೆ ಇಳಿಸಿದರೆ ಶೇಪುಗಳ ಅಳತೆ ಒಂದು ಕಡೆ, ಪ್ಲೇಟು ಇನ್ನೊಂದು ಕಡೆ ಆಗಿ ಕೆಲಸ ಎರಡಾಗುತ್ತದೆ. ಪ್ರೈಮ್ಯಾಟ್ ಹೋದರೆ ಹೋಗಲಿ, ಕೀಲೈಟ್ ಮತ್ತು ಐಬಿಕೆ ಎಂಬ ಕೀಯರ್‌ಗಳು ಉಳಿದಿವೆ. ಐಬಿಕೆ ಚೆನ್ನಾಗಿ ಕಲಿತವನಿಗೆ ಕೂದಲಿನ ಅಂಚು ಹೆದರಿಸುವುದಿಲ್ಲ. ವಿಡಿಯೊ ಬರೆಯಲು ಬರುವುದಿಲ್ಲ ಎಂಬ ಮಿತಿಯಂತೂ ಲಾಭವೇ, ಯಾಕೆಂದು ಮುಂದೆ ನೋಡೋಣ.

ನಿಜವಾಗಿ ಕಾಡುವುದು ಬೀಗ ಹಾಕಿದ ಕಡತ. ಸ್ಟುಡಿಯೊದವರು ‘ಸ್ಕ್ರಿಪ್ಟ್ ಕಳಿಸಿ’ (ಅಂದರೆ ನ್ಯೂಕ್ ಕಡತ) ಎಂದರೆ ಕಳಿಸಲು ಆಗುವುದಿಲ್ಲ. ಅದಕ್ಕೆ ನೋಡ್ ಗ್ರಾಫನ್ನು ಅಚ್ಚುಕಟ್ಟಾಗಿ ಜೋಡಿಸಿ, ಬ್ಯಾಕ್‌ಡ್ರಾಪ್ ಹಾಕಿ ಹೆಸರು ಬರೆದು, ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. ಬಿ ಪೈಪು (ಹಿನ್ನೆಲೆ ಬರುವ ಗೆರೆ) ಮೇಲಿನಿಂದ ಕೆಳಗೆ ನೆಟ್ಟಗೆ, ಎ ಪೈಪು (ಅದರ ಮೇಲೆ ಕೂರುವ ಚಿತ್ರದ ಗೆರೆ) ಬದಿಯಿಂದ. ಸೂಪರ್‌ವೈಸರ್ ಒಂದು ನೋಟಕ್ಕೆ ಗ್ರಾಫ್ ನೋಡಿಯೇ ಆಸಾಮಿ ಎಂಥವನು ಎಂದು ಅಳೆಯುತ್ತಾರೆ. ಹಲಸಿನ ಮರಕ್ಕೆ ಸುತ್ತಿದ ಬಳ್ಳಿಯಂತೆ ಇದ್ದರೆ ಮುಗಿಯಿತು.

ಯಂತ್ರ, ಮಳೆ, ಕರೆಂಟು

16 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಎಚ್‌ಡಿ ರೋಟೊ, ಪೇಂಟ್, ಸಾಧಾರಣ ಕೀಯಿಂಗ್ ನಡೆಯುತ್ತದೆ. 8 ಜಿಬಿಯಲ್ಲಿ ತೆರೆಯುತ್ತದೆ, ಆದರೆ ಇಪ್ಪತ್ತು ಫ್ರೇಮು ಹಿಂದೆ ಮುಂದೆ ಓಡಿಸಿ ನೋಡುವಾಗ ಮುಗ್ಗರಿಸುತ್ತದೆ. ರೋಟೊದಲ್ಲಿ ಅರ್ಧ ಕೆಲಸ ಹಾಗೆ ಓಡಿಸಿ ನೋಡುವುದೇ ಆದ್ದರಿಂದ ರ್‍ಯಾಮಿಗೆ ಹಾಕಿದ ದುಡ್ಡು ಗ್ರಾಫಿಕ್ ಕಾರ್ಡಿಗೆ ಹಾಕಿದ್ದಕ್ಕಿಂತ ಹೆಚ್ಚು ದುಡಿಯುತ್ತದೆ. ಕ್ಯಾಶ್ ಫೋಲ್ಡರನ್ನು ಪ್ರಿಫರೆನ್ಸಸ್‌ನಲ್ಲಿ ಎಸ್‌ಎಸ್‌ಡಿಗೆ ತಿರುಗಿಸಿ.

ಜಾಗದ ಲೆಕ್ಕ ಸುಲಭ. ಎಚ್‌ಡಿ ಫ್ರೇಮಿನಲ್ಲಿ 1920x1080 ಪಿಕ್ಸೆಲ್, ಮೂರು ಬಣ್ಣ, 16 ಬಿಟ್ ಎಕ್ಸ್‌ಆರ್ (ಇಎಕ್ಸ್‌ಆರ್ ಎಂಬ ಚಿತ್ರ ಕಡತ) ಆದ್ದರಿಂದ ಪ್ರತಿ ಬಣ್ಣಕ್ಕೆ 2 ಬೈಟು. ಕುಗ್ಗಿಸದಿದ್ದರೆ ಒಂದು ಫ್ರೇಮಿಗೆ ಸುಮಾರು 12.4 ಎಂಬಿ. ಹತ್ತು ಸೆಕೆಂಡಿನ ಶಾಟ್ 240 ಫ್ರೇಮು, ಅಂದರೆ ಹತ್ತಿರ ಹತ್ತಿರ 3 ಜಿಬಿ. ಆಲ್ಫಾ (ಎಲ್ಲಿ ಎಷ್ಟು ಪಾರದರ್ಶಕ ಎಂದು ಹೇಳುವ ನಾಲ್ಕನೆಯ ಪದರ) ಸೇರಿದರೆ 4 ಜಿಬಿ. ಜಿಪ್ ಕಂಪ್ರೆಶನ್ ಹಾಕಿದರೆ ಇಳಿಯುತ್ತದೆ, ಎಷ್ಟು ಎಂಬುದು ಚಿತ್ರದಲ್ಲಿರುವ ಗ್ರೇನಿನ (ಮಿಣಮಿಣ ಚುಕ್ಕೆಗಳ) ಮೇಲೆ. ಐದು ಶಾಟಿನ ರೀಲಿಗೆ, ಹಳೆಯ ವರ್ಶನ್‌ಗಳೂ ಸೇರಿ, 100 ಜಿಬಿ ಖಾಲಿ ಇಟ್ಟುಕೊಂಡರೆ ಪರದಾಟ ಇಲ್ಲ.

ನಮ್ಮ ಕಡೆ ಜೂನಿನಿಂದ ಮರ ಬಿದ್ದು ಕರೆಂಟು ಹೋಗುತ್ತದೆ, ತುಲಾ ತಿಂಗಳಲ್ಲಿ ಸಂಜೆಯಾದರೆ ಸಿಡಿಲು. ವಿಡಿಯೊ ಕಡತವಾಗಿ ರೆಂಡರ್ ಮಾಡುತ್ತಿದ್ದರೆ ನಡುವಲ್ಲಿ ಕರೆಂಟು ಹೋದಾಗ ಇಡೀ ಕಡತ ಹಾಳು. ಫ್ರೇಮು ಫ್ರೇಮಾಗಿ ಎಕ್ಸ್‌ಆರ್ ಅಥವಾ ಪಿಎನ್‌ಜಿ ಬರೆಸಿದರೆ 1137ನೇ ಫ್ರೇಮಿನಲ್ಲಿ ಕರೆಂಟು ಹೋದದ್ದನ್ನು 1137ರಿಂದಲೇ ಮುಂದುವರಿಸಬಹುದು. 1138ರಿಂದ ಶುರು ಮಾಡಬೇಡಿ, ಯಾಕೆಂದರೆ ಆ ಕೊನೆಯ ಫ್ರೇಮು ಅರ್ಧ ಬರೆದು ನಿಂತಿರುತ್ತದೆ. ಫೋಲ್ಡರಿನಲ್ಲಿ ಸೈಜಿನ ಪ್ರಕಾರ ಜೋಡಿಸಿ ನೋಡಿದರೆ ಅಂಥ ಕುಂಟು ಫ್ರೇಮು ತಕ್ಷಣ ಕಣ್ಣಿಗೆ ಬೀಳುತ್ತದೆ. ಸ್ಟುಡಿಯೊಗಳಲ್ಲಿ ಫ್ರೇಮುಗಳಾಗಿ ಬರೆಯುವುದೇ ಕ್ರಮ. ಪುಕ್ಕಟೆ ಆವೃತ್ತಿ ಎಚ್.264 ಕಿತ್ತುಕೊಂಡು ಆ ಕ್ರಮವನ್ನು ಒತ್ತಾಯದಿಂದ ಕಲಿಸುತ್ತದೆ ಎಂದೇ ತಿಳಿಯಿರಿ. ಕೊನೆಗೆ ವಿಡಿಯೊ ಬೇಕಾದಾಗ ಪಿಎನ್‌ಜಿ ಸಾಲನ್ನು ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿಗೋ ಬ್ಲೆಂಡರಿನ ವಿಡಿಯೊ ಸೀಕ್ವೆನ್ಸರಿಗೋ ಹಾಕಿ ಎಂಪಿ4 ತೆಗೆಯಿರಿ, 24 ಫ್ರೇಮಿಗೆ ಹೊಂದಿಸಲು ಮರೆಯಬೇಡಿ. ಬ್ಲೆಂಡರಿನಲ್ಲಾದರೆ ಕಲರ್ ಮ್ಯಾನೇಜ್‌ಮೆಂಟಿನ ವ್ಯೂ ಟ್ರಾನ್ಸ್‌ಫಾರ್ಮನ್ನು ಸ್ಟ್ಯಾಂಡರ್ಡ್‌ಗೆ ಇಡಿ, ಇಲ್ಲದಿದ್ದರೆ ಬಣ್ಣ ಮಾಸಿದಂತೆ ಬರುವ ಅಪಾಯ ಉಂಟು.

ಫ್ರೇಮಿನ ಎಣಿಕೆ 1001ರಿಂದ ಶುರು ಮಾಡಿ. ಇದು ಬರೇ ಶಾಸ್ತ್ರವಲ್ಲ. ಎಡಿಟಿನವರು ಆಮೇಲೆ ‘ಮುಂದೆ ಎಂಟು ಫ್ರೇಮು ಜಾಸ್ತಿ ಬೇಕು’ ಎಂದರೆ 993ಕ್ಕೆ ಹೋಗಬಹುದು, ಮೈನಸ್ ಸಂಖ್ಯೆ ಬರುವುದಿಲ್ಲ.

ಮುಟ್ಟಾಳೆಯವನ ರೋಟೊ

ಕೋರ್ಸ್ ಮುಗಿಸಿದವರ ಮೊದಲ ಕೆಲಸ ಬಹುಮಟ್ಟಿಗೆ ರೋಟೊ, ಪೇಂಟ್ (ಬೇಡದ್ದನ್ನು ಅಳಿಸುವುದು), ಮ್ಯಾಚ್‌ಮೂವ್ (ಕ್ಯಾಮೆರಾದ ಚಲನೆ ಹಿಡಿಯುವುದು) ಈ ಮೂರರಲ್ಲಿ ಒಂದು. ಸೀದಾ ಕಾಂಪೊಸಿಟರ್ ಆಗುವುದು ಅಪರೂಪ. ಆದ್ದರಿಂದ ಈ ಸಾಫ್ಟ್‌ವೇರನ್ನು ರೋಟೊದ ಮೂಲಕವೇ ಅಳೆಯಬೇಕು.

ಅಡಿಕೆ ತೋಟದ ನಡುವೆ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಇಟ್ಟು, ಲುಂಗಿ ಉಟ್ಟ ಒಬ್ಬರು ನಡೆದುಕೊಂಡು ಬರುವ 96 ಫ್ರೇಮಿನ ಶಾಟ್ ಎಂದಿಟ್ಟುಕೊಳ್ಳಿ. ನಾಲ್ಕು ಸೆಕೆಂಡು. ಹೊಸಬರು ಇಡೀ ಮನುಷ್ಯನ ಸುತ್ತ ಒಂದೇ ಶೇಪು ಎಳೆದು, ಪ್ರತಿ ಫ್ರೇಮಿಗೂ ಕೀ (ಆ ಫ್ರೇಮಿನಲ್ಲಿ ಶೇಪು ಎಲ್ಲಿರಬೇಕೆಂಬ ಗುರುತು) ಕೊಡುತ್ತಾ ಹೋಗುತ್ತಾರೆ. ಓಡಿಸಿ ನೋಡಿದರೆ ಅಂಚು ಕುದಿಯುವ ಗಂಜಿಯ ಹಾಗೆ. ಸ್ಟುಡಿಯೊದಲ್ಲಿ ಇದಕ್ಕೆ ಬಾಯ್ಲಿಂಗ್, ಚಾಟರ್ ಎಂದೇ ಹೆಸರು, ಶಾಟ್ ವಾಪಸು ಬರಲು ಮೊದಲ ಕಾರಣವೂ ಅದೇ.

ಸರಿಯಾದ ದಾರಿಯಲ್ಲಿ ಮನುಷ್ಯ ಹದಿನೈದು ಇಪ್ಪತ್ತು ತುಂಡಾಗುತ್ತಾನೆ. ಮುಟ್ಟಾಳೆ ಒಂದು, ಮುಖ ಒಂದು, ಕುತ್ತಿಗೆ, ಎದೆ, ಎರಡೂ ಕಡೆ ತೋಳು, ಮುಂಗೈ, ಅಂಗೈ, ಬೆರಳುಗಳು ಬೇರೆಯಾಗಿ ಕಾಣುವಲ್ಲಿ ಬೆರಳು, ಲುಂಗಿಯ ಮೇಲ್ಭಾಗ, ಲುಂಗಿಯ ಕೆಳ ಅಂಚು, ಮೊಣಕಾಲಿನ ಕೆಳಗೆ ಕಾಲು, ಪಾದ. ತುಂಡುಗಳು ಒಂದರ ಮೇಲೊಂದು ಧಾರಾಳವಾಗಿ ಹತ್ತಿಕೊಳ್ಳಲಿ, ಕೀಲಿನ ಜಾಗದಲ್ಲಿ ತೂತು ಬೀಳಬಾರದು. ಮುಟ್ಟಾಳೆ ಗಟ್ಟಿ ವಸ್ತು, ಆಕಾರ ಬದಲಾಗುವುದಿಲ್ಲ. ಅದಕ್ಕೆ ಟ್ರ್ಯಾಕರ್ (ಒಂದು ಬಿಂದುವನ್ನು ತಾನೇ ಹಿಂಬಾಲಿಸುವುದು) ಅಂಟಿಸಿ ಶೇಪನ್ನು ಎತ್ತಿ ಕೂರಿಸಿದರೆ ಬಿಂದು ಬಿಂದು ಎಳೆಯುವ ಕೆಲಸ ಮುಕ್ಕಾಲು ಪಾಲು ತಪ್ಪುತ್ತದೆ. ಲುಂಗಿಯ ಅಂಚು ಇದಕ್ಕೆ ತದ್ವಿರುದ್ಧ, ಯಾವ ಟ್ರ್ಯಾಕರಿಗೂ ಬಗ್ಗದು, ಕೈಯಲ್ಲೇ ಮಾಡಬೇಕು.

ಕೀ ಎಲ್ಲಿ ಕೊಡುವುದು? ಸಾಧಾರಣ ನಡಿಗೆಯಲ್ಲಿ ಸೆಕೆಂಡಿಗೆ ಎರಡು ಹೆಜ್ಜೆ, ಅಂದರೆ ಹೆಜ್ಜೆಗೆ 12 ಫ್ರೇಮು. ಹಿಮ್ಮಡಿ ನೆಲಕ್ಕೆ ತಾಗುವ ಫ್ರೇಮಿಗೆ ಒಂದು, ಒಂದು ಕಾಲು ಇನ್ನೊಂದನ್ನು ದಾಟುವ ಫ್ರೇಮಿಗೆ ಒಂದು. ಹಾಗೆ ಆರು ಫ್ರೇಮಿಗೊಂದರಂತೆ 96 ಫ್ರೇಮಿಗೆ ಹದಿನೇಳು ಕೀ ಆಗುತ್ತದೆ. ಆಮೇಲೆ ಎರಡು ಕೀಗಳ ನಟ್ಟನಡುವಿನ ಫ್ರೇಮಿಗೆ ಹೋಗಿ ಅಂಚು ತಪ್ಪಿದ್ದರೆ ಮಾತ್ರ ಸರಿಪಡಿಸಿ. ತಲೆ, ಎದೆಗೆ ಇಷ್ಟೂ ಬೇಡ. ಕೀ ಕಡಿಮೆಯಾದಷ್ಟು ಚಲನೆ ನಯ. ಬಿಂದುಗಳೂ ಹಾಗೆಯೇ, ಮೊಣಕೈಯ ತಿರುವಿಗೆ ಎರಡು ಸಾಕಾಗುವಲ್ಲಿ ಆರು ಇಟ್ಟರೆ ಆರನ್ನೂ ಕೊನೆಯವರೆಗೆ ಸಾಕಬೇಕು.

ಬೀಸುವ ಕೈಗೆ ಮಸುಕು ಇರುತ್ತದೆ. ಶೇಪಿನ ಗೆರೆ ಮಸುಕಿನ ಹೊರಗೂ ಅಲ್ಲ, ಒಳಗೂ ಅಲ್ಲ, ನಡುವೆ ಕೂರಬೇಕು. ಮಸುಕನ್ನು ಫೆದರ್ (ಅಂಚು ಮೆದು ಮಾಡುವುದು) ಎಳೆದು ಸುಳ್ಳು ಮಾಡಬೇಡಿ. ರೋಟೊ ನೋಡಿನ ಮೋಶನ್ ಬ್ಲರ್ ಆನ್ ಮಾಡಿ ಶಟರ್ 0.5 ಇಡಿ, ಸಿನಿಮಾ ಕ್ಯಾಮೆರಾದ 180 ಡಿಗ್ರಿ ಶಟರಿಗೆ ಅದೇ ಲೆಕ್ಕ. ಪಕ್ಕದಲ್ಲೇ ಶಟರ್ ಆಫ್‌ಸೆಟ್ ಎಂಬುದಿದೆ, ಅದನ್ನು ಸೆಂಟರ್ಡ್ ಮಾಡಿ. ಸ್ಟಾರ್ಟ್‌ನಲ್ಲಿ ಉಳಿದಿದ್ದರೆ ಮ್ಯಾಟಿನ (ರೋಟೊದಿಂದ ಬರುವ ಕಪ್ಪುಬಿಳಿ ಚಿತ್ರದ) ಮಸುಕು ಕೈ ಹೋಗುವ ದಿಕ್ಕಿಗೆ ಜಾರಿ ನಿಲ್ಲುತ್ತದೆ. ‘ಎಷ್ಟು ಸರಿ ಮಾಡಿದರೂ ಅಂಚು ಕೂರುವುದಿಲ್ಲ’ ಎಂದು ಗೋಳಾಡುವ ಹತ್ತರಲ್ಲಿ ನಾಲ್ಕು ಪ್ರಕರಣಗಳಿಗೆ ಈ ಒಂದು ಗುಂಡಿಯೇ ಕಾರಣ ಎಂದರೆ ಉತ್ಪ್ರೇಕ್ಷೆ ಇರಲಾರದು.

ಇನ್ನು ಆ ಮನುಷ್ಯನ ಮುಂದೆ ಹಾದುಹೋಗುವ ಅಡಿಕೆ ಸೋಗೆ. ಎಲೆ ಎಲೆಯನ್ನೂ ರೋಟೊ ಮಾಡಲು ಕೂತರೆ ವಾರ ಕಳೆಯುತ್ತದೆ. ಹಿಂದೆ ಬೆಳ್ಳಗಿನ ಆಕಾಶ ಇದ್ದಲ್ಲಿ ಲ್ಯೂಮಾ ಕೀ (ಬೆಳಕು ಕತ್ತಲೆ ನೋಡಿ ಬಿಡಿಸುವುದು) ತೆಗೆದು, ಅದಕ್ಕೆ ಬೇಡದ್ದನ್ನು ಹೊರಗಿಡುವ ಒರಟಾದ ಒಂದು ಗಾರ್ಬೇಜ್ ಮ್ಯಾಟ್ ಸುತ್ತಿ. ಆಕಾಶ ಇಲ್ಲದೆ ಹಸಿರ ಮೇಲೆ ಹಸಿರು ಬಿದ್ದಲ್ಲಿ ಮಾತ್ರ ಕೈರೋಟೊ. ಎಲ್ಲಿ ರೋಟೊ ಮಾಡಬಾರದು ಎಂದು ತಿಳಿದವನಿಗೆ ಸೂಪರ್‌ವೈಸರ್ ಎರಡನೆಯ ಶಾಟ್ ಬೇಗ ಕೊಡುತ್ತಾರೆ.

ಪರೀಕ್ಷಿಸುವುದು ಹೀಗೆ: ಮ್ಯಾಟಿನ ಹಿಂದೆ ಗಾಢ ಕೆಂಪು ಕಾನ್‌ಸ್ಟಂಟ್ (ಒಂದೇ ಬಣ್ಣದ ಹಿನ್ನೆಲೆ) ಹಾಕಿ ಓಡಿಸಿ. ಆಮೇಲೆ ಆಲ್ಫಾ ಮಾತ್ರ ನೋಡುತ್ತಾ ವ್ಯೂವರಿನ ಗಾಮಾ ಏರಿಸಿ ಒಮ್ಮೆ, ಇಳಿಸಿ ಒಮ್ಮೆ. ಏರಿಸಿದಾಗ ಕಪ್ಪಿನೊಳಗೆ ಅಡಗಿದ ಕಸ ಕಾಣುತ್ತದೆ, ಇಳಿಸಿದಾಗ ಬಿಳಿಯೊಳಗಿನ ತೂತು ಕಾಣುತ್ತದೆ. ಮೊದಲ ಫ್ರೇಮು, ಕೊನೆಯ ಫ್ರೇಮು ಎರಡನ್ನೂ ಬೇರೆಯಾಗಿ ನೋಡಿ, ಅಲ್ಲಿ ಮೋಶನ್ ಬ್ಲರಿಗೆ ಆಚೆ ಕೀ ಇಲ್ಲದೆ ಅಂಚು ಒಮ್ಮೆಗೇ ಗಡುಸಾಗಿರುತ್ತದೆ. ಒಂದು ಫ್ರೇಮು ಆಚೆಗೂ ಕೀ ಕೊಟ್ಟರೆ ಸರಿಹೋಗುತ್ತದೆ.

ಪ್ಲೇಟು ಎಲ್ಲಿಂದ ತರುವುದು

ಇನ್‌ಸ್ಟಿಟ್ಯೂಟಿನವರು ಕೊಟ್ಟ ಪ್ಲೇಟು ಬೇಡವೇ ಬೇಡ. ಒಂದೇ ಪ್ಲೇಟನ್ನು ಬ್ಯಾಚಿನ ಮೂವತ್ತು ಜನಕ್ಕೂ ಹಂಚಿರುತ್ತಾರೆ. ಅದೇ ಹುಡುಗಿ, ಅದೇ ಹಸಿರು ಪರದೆ, ಹಿಂದೆ ಅದೇ ಸ್ಫೋಟ. ನೇಮಕಾತಿಯವರು ಅದನ್ನು ಕಂಡು ಕಂಡು ಬೇಸತ್ತಿರುತ್ತಾರೆ, ಅದರಲ್ಲಿ ಯಾರ ಕೈ ಎಷ್ಟು ಎಂದು ತಿಳಿಯುವ ದಾರಿಯೂ ಇಲ್ಲ.

ಸಿನಿಮಾ ಮಟ್ಟದ ಪ್ಲೇಟು ಪುಕ್ಕಟೆ ಬೇಕೆಂದರೆ ಬ್ಲೆಂಡರ್ ಫೌಂಡೇಶನ್ 2012ರಲ್ಲಿ ಮಾಡಿದ ‘ಟಿಯರ್ಸ್ ಆಫ್ ಸ್ಟೀಲ್’ ಕಿರುಚಿತ್ರದ ಮೂಲ ದೃಶ್ಯಗಳಿವೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, 4ಕೆ ಎಕ್ಸ್‌ಆರ್ ಫ್ರೇಮುಗಳಾಗಿ ಸಿಗುತ್ತವೆ. ರೀಲಿನಲ್ಲಿ ಬಳಸಿದರೆ ಹೆಸರು ಹಾಕಿದರಾಯಿತು. ನಿಜವಾದ ಹಸಿರು ಪರದೆ, ನಿಜವಾದ ಗ್ರೇನ್, ಟ್ರ್ಯಾಕಿಂಗ್ ಗುರುತುಗಳು ಅವುಗಳಲ್ಲಿವೆ.

ಸ್ವಂತ ಫೋನಿನಲ್ಲಿ ತೆಗೆಯುವುದಾದರೆ ಕೆಲವು ಗುಂಡಿಗಳನ್ನು ಮೊದಲು ಸರಿ ಮಾಡಿ. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಲಾಕ್ ಮಾಡಿ. ಸ್ಟೆಬಿಲೈಸೇಶನ್ ತೆಗೆಯಿರಿ, ಅದು ಪ್ರತಿ ಫ್ರೇಮನ್ನೂ ಒಳಗೊಳಗೆ ಎಳೆದು ಕತ್ತರಿಸುವುದರಿಂದ ಕ್ಯಾಮೆರಾ ಟ್ರ್ಯಾಕರಿಗೆ ಲೆನ್ಸಿನ ಲೆಕ್ಕ ತಪ್ಪುತ್ತದೆ. ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟಿನ ಕೆಳಗೆ ಮಿಣುಕು ಬಾರದ ಶಟರ್ ಅದು, 24 ಫ್ರೇಮಿನ ಸಿನಿಮಾ ಮಸುಕಿಗೂ ಹತ್ತಿರ. ಕೆಲವು ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮ್‌ರೇಟನ್ನೇ ಏರಿಳಿಸುತ್ತವೆ. ಅಂಥ ಕಡತವನ್ನು ಸೀದಾ ನ್ಯೂಕಿಗೆ ಹಾಕಿದರೆ ಒಂದು ಫ್ರೇಮು ಎರಡು ಸಲ ಬರುವುದು, ನಡುವಲ್ಲೊಂದು ಹಾರಿಹೋಗುವುದು ಉಂಟು. ಮೊದಲು ರಿಸಾಲ್ವ್‌ನಲ್ಲಿ ಸ್ಥಿರ 24ಕ್ಕೆ ತಂದು ಫ್ರೇಮುಗಳಾಗಿ ಬರೆಸಿ. ರೈಲಿನ ಕಿಟಕಿಯಿಂದ ಕುಂಬಳೆ ಹೊಳೆ ತೆಗೆದು ಟ್ರ್ಯಾಕ್ ಮಾಡುವ ಆಸೆ ಬಿಡಿ. ಚಿತ್ರವನ್ನು ಸಾಲು ಸಾಲಾಗಿ ಓದುವ ಫೋನಿನ ರೋಲಿಂಗ್ ಶಟರಿನಿಂದ ಹತ್ತಿರದ ಕಂಬಗಳೆಲ್ಲ ಓರೆಯಾಗಿ ಬರುತ್ತವೆ, ಸಾಲ್ವ್ ಎರರ್ (ಟ್ರ್ಯಾಕರಿನ ಲೆಕ್ಕ ತಪ್ಪಿದ ಪ್ರಮಾಣ) ಒಂದು ಪಿಕ್ಸೆಲಿನ ಕೆಳಗೆ ಇಳಿಯುವುದೇ ಇಲ್ಲ. ಬೇಕಲ ಕೋಟೆಯ ಮುರಕಲ್ಲಿನ ಗೋಡೆ ಮಾತ್ರ ಟ್ರ್ಯಾಕಿಂಗಿಗೆ ಹೇಳಿ ಮಾಡಿಸಿದ ವಸ್ತು, ತೂತು ತೂತಾದ ಆ ಮೈಯಲ್ಲಿ ಟ್ರ್ಯಾಕರಿಗೆ ಹಿಡಿಯಲು ಸಾವಿರ ಬಿಂದು.

ಹಸಿರು ಪರದೆಯ ಆಸೆ ಇದ್ದವರಿಗೆ ಒಂದು ಎಚ್ಚರಿಕೆ. ಕಾಸರಗೋಡಿನವರಿಗೆ ಮೊದಲು ಹೊಳೆಯುವುದು ಯಕ್ಷಗಾನ, ಆಮೇಲೆ ಕಥಕಳಿ. ಕಥಕಳಿಯ ಪಚ್ಚೆ ವೇಷವನ್ನು ಹಸಿರು ಬಟ್ಟೆಯ ಮುಂದೆ ನಿಲ್ಲಿಸಿದರೆ ಕೀ ತೆಗೆದಾಗ ಕಿರೀಟ ಉಳಿದು ಮುಖವೇ ಮಾಯ, ಅಲ್ಲಿ ನೀಲಿ ಬಟ್ಟೆ ಬೇಕು. ತೆಂಕುತಿಟ್ಟಿನ ವೇಷದ ತೊಂದರೆ ಬೇರೆ: ಕಿರೀಟ, ಭುಜಕೀರ್ತಿಗಳ ಹೊಳಪು ಪರದೆಯ ಬಣ್ಣವನ್ನು ಕನ್ನಡಿಯಂತೆ ಹಿಡಿದು ತೋರಿಸುತ್ತದೆ. ಪಾತ್ರಧಾರಿಯನ್ನು ಬಟ್ಟೆಯಿಂದ ಎರಡು ಮೂರು ಮೀಟರ್ ಮುಂದೆ ತನ್ನಿ, ಬಟ್ಟೆಗೂ ಪಾತ್ರಕ್ಕೂ ಬೇರೆ ಬೇರೆ ಬೆಳಕು ಕೊಡಿ, ಬಟ್ಟೆಗೆ ಇಸ್ತ್ರಿ ಹಾಕಿ. ಆಮೇಲೂ ಕಿರೀಟದೊಳಗೆ ಬೀಳುವ ತೂತಿಗೆ ರೋಟೊದ ಕೋರ್ ಮ್ಯಾಟ್ (ಒಳಭಾಗಕ್ಕೆ ಮಾತ್ರ ಮ್ಯಾಟು) ಇಟ್ಟು ಮುಚ್ಚಿ, ಅಂಚಿಗೆ ಮಾತ್ರ ಕೀ ಬಳಸಿ. ಫೋನಿನ ವಿಡಿಯೊ ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸಿಯೇ ಬರೆಯುವುದರಿಂದ ಕೀಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಅದು ನಿಮ್ಮ ಕೈಯ ತಪ್ಪಲ್ಲ. 4ಕೆಯಲ್ಲಿ ತೆಗೆದು ಎಚ್‌ಡಿಗೆ ಇಳಿಸಿದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಕಪ್ಪು ಗೆರೆ ಮತ್ತು ಬೂದು ಪ್ಲೇಟು

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವ ಎರಡು ಕಲ್ಲುಗಳಿವು. ಒಂದನೆಯದು ಪ್ರೀಮಲ್ಟ್, ಅಂದರೆ ಚಿತ್ರವನ್ನು ಆಲ್ಫಾದಿಂದ ಗುಣಿಸುವುದು. ಒಂದರ ಮೇಲೊಂದು ಚಿತ್ರ ಕೂರಿಸುವ ಮರ್ಜ್ ನೋಡಿನ ಓವರ್ ಮಾಡುವ ಲೆಕ್ಕ ಇಷ್ಟೆ: ಮೇಲಿನ ಚಿತ್ರ ಹಾಗೆಯೇ, ಅದಕ್ಕೆ ಕೆಳಗಿನ ಚಿತ್ರವನ್ನು ಒಂದರಿಂದ ಆಲ್ಫಾ ಕಳೆದ ಸಂಖ್ಯೆಯಿಂದ ಗುಣಿಸಿ ಕೂಡಿಸುವುದು. ಮೇಲಿನ ಚಿತ್ರ ಮೊದಲೇ ಆಲ್ಫಾದಿಂದ ಒಮ್ಮೆ ಗುಣಿಸಿಕೊಂಡು ಬಂದಿರಬೇಕು, ಒಮ್ಮೆ ಮಾತ್ರ. ಅಂಚಿನ ಪಿಕ್ಸೆಲಿನ ಬೆಲೆ 0.8, ಆಲ್ಫಾ 0.5 ಎಂದರೆ ಗುಣಿಸಿದಾಗ 0.4. ಮರೆತು ಇನ್ನೊಮ್ಮೆ ಪ್ರೀಮಲ್ಟ್ ಹಾಕಿದರೆ 0.2. ಮುಟ್ಟಾಳೆಯ ಸುತ್ತ ಕಾಡಿಗೆ ಹಚ್ಚಿದಂತೆ ಕಪ್ಪು ಗೆರೆ ಬರುವುದು ಹೀಗೆ. ಬಣ್ಣ ತಿದ್ದುವಾಗ ಅನ್‌ಪ್ರೀಮಲ್ಟ್, ಗ್ರೇಡ್, ಪ್ರೀಮಲ್ಟ್ ಈ ಸಾಲು ತಪ್ಪಬಾರದು.

ಎರಡನೆಯದು ಕಲರ್‌ಸ್ಪೇಸ್. ನ್ಯೂಕ್ ಒಳಗೆ ಲೀನಿಯರ್ ಬೆಳಕಿನಲ್ಲಿ ಲೆಕ್ಕ ಮಾಡುತ್ತದೆ. ಅಲ್ಲಿ 0.18 ಇರುವ ನಡುಬೂದು ಮಾನಿಟರಿಗೆ ಬರುವಾಗ 0.46ರ ಹತ್ತಿರ ಆಗುತ್ತದೆ. ಪರೀಕ್ಷೆಗೆ ಕೊಡುವ ಪ್ಲೇಟು ಅಲೆಕ್ಸಾ ಸಿನಿಮಾ ಕ್ಯಾಮೆರಾದ ಲಾಗ್‌ಸಿ ಎಂಬ ಕಲರ್‌ಸ್ಪೇಸಿನಲ್ಲಿ ಇದ್ದರೆ ಬೂದು ಮುಸುಕು ಹೊದ್ದಂತೆ ಕಾಣುತ್ತದೆ. ಅದನ್ನು ಕಂಡು ಗ್ರೇಡ್ ನೋಡ್ ಹಾಕಿ ‘ಚಂದ’ ಮಾಡಿ ಕೊಟ್ಟವರು ಅಲ್ಲಿಗೇ ಹೊರಗೆ. ರೀಡ್ ನೋಡಿನ ಕಲರ್‌ಸ್ಪೇಸ್ ಸರಿಯಾಗಿ ಆರಿಸಬೇಕು, ಬಣ್ಣಕ್ಕೆ ಕೈ ಹಾಕಬಾರದು. ಬಂದ ಬಣ್ಣದಲ್ಲೇ ಪ್ಲೇಟು ವಾಪಸು ಹೋಗಬೇಕು.

ರೀಲು, ಅರ್ಜಿ, ಮಾರುಕಟ್ಟೆ

ರೀಲು ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ. ನಾಲ್ಕೈದು ಶಾಟು, ಎಲ್ಲಕ್ಕಿಂತ ಒಳ್ಳೆಯದು ಮೊದಲು. ಪ್ರತಿ ಶಾಟಿಗೆ ಮೂಲ ಪ್ಲೇಟು, ಶೇಪುಗಳು ಕಾಣುವ ಹಾಗೆ ಓವರ್‌ಲೇ, ಕಪ್ಪುಬಿಳಿ ಮ್ಯಾಟು, ಕೊನೆಗೆ ಬೇರೆ ಹಿನ್ನೆಲೆಯ ಮೇಲೆ. ಮೂಲೆಯಲ್ಲಿ ಏನು ಮಾಡಿದ್ದೀರಿ ಎಂದು ಒಂದು ಸಾಲು. ಹೆಸರು, ಫೋನ್ ನಂಬರ್ ಮೊದಲಿಗೊಮ್ಮೆ ಕೊನೆಗೊಮ್ಮೆ. ಸಂಗೀತಕ್ಕೆ ತಲೆಕೆಡಿಸಿಕೊಳ್ಳಬೇಡಿ, ನೋಡುವವರು ಮ್ಯೂಟ್ ಮಾಡಿಯೇ ನೋಡುತ್ತಾರೆ. ಕಡತವನ್ನು ಮೇಲಿಗೆ ಅಂಟಿಸಿ ಕಳಿಸಬೇಡಿ, ಲಿಂಕ್ ಕೊಡಿ, ಪಾಸ್‌ವರ್ಡ್ ಇದ್ದರೆ ಅದೇ ಮೇಲಿನಲ್ಲಿ ಬರೆಯಿರಿ.

ಸ್ಟುಡಿಯೊ ಫ್ಲೋರಿನ ಬಗ್ಗೆ ಇನ್‌ಸ್ಟಿಟ್ಯೂಟುಗಳು ಹೇಳದ ಎರಡು ಸಂಗತಿ. ದೊಡ್ಡ ಕಡೆಗಳಲ್ಲಿ ಯಂತ್ರ ಲಿನಕ್ಸಿನದು, ಕಡತದ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಬೇರೆಯಾದರೆ ಕಡತವೇ ಬೇರೆ. ಹೆಸರಿನಲ್ಲಿ ಜಾಗ ಬಿಟ್ಟು ‘ಫೈನಲ್ ಫೈನಲ್ 2’ ಎಂದು ಬರೆಯುವ ಚಟ ಮನೆಯಲ್ಲೇ ಬಿಡಿ. ಇನ್ನೊಂದು, ಚಿತ್ರ ಸೋರದಂತೆ ಕಾಯುವ ಕಟ್ಟುಪಾಡಿನಿಂದ ಫ್ಲೋರಿನೊಳಗೆ ಫೋನಿಗೆ ಪ್ರವೇಶ ಇರುವುದಿಲ್ಲ, ಕೆಲಸದ ಯಂತ್ರದಲ್ಲಿ ಹೊರಗಿನ ಇಂಟರ್ನೆಟ್ಟೂ ಇರುವುದಿಲ್ಲ. ಯೂಟ್ಯೂಬ್ ನೋಡಿಕೊಂಡೇ ಕೆಲಸ ಮಾಡುವವರಿಗೆ ಮೊದಲ ವಾರ ಉಸಿರುಕಟ್ಟುತ್ತದೆ. ಈಗಿನಿಂದಲೇ ಪುಸ್ತಕದಲ್ಲಿ ಕೈಯಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಒಳ್ಳೆಯದು.

ಮಾರುಕಟ್ಟೆ ಏರಿಳಿತದ್ದು. 2023ರಲ್ಲಿ ಹಾಲಿವುಡ್ ಬರಹಗಾರರ, ನಟರ ಮುಷ್ಕರ ನಡೆದಾಗ ಇಲ್ಲಿಗೆ ಬರುವ ಕೆಲಸ ಕುಗ್ಗಿತು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಗ್ರೂಪ್ ಕುಸಿದಾಗ ಬೆಂಗಳೂರಿನ ಅವರ ಸ್ಟುಡಿಯೊಗಳೂ ಬಾಗಿಲು ಹಾಕಿದವು. ಯಂತ್ರಕಲಿಕೆಯ ಸಾಧನಗಳು ಸುಲಭದ ರೋಟೊವನ್ನು ನುಂಗುತ್ತಿವೆ. ಉಳಿಯುವುದು ಲುಂಗಿಯ ಅಂಚು, ಕೂದಲು, ಸೋಗೆಯಂಥ ಕಷ್ಟದ ಭಾಗ, ಆದ್ದರಿಂದ ಅಭ್ಯಾಸಕ್ಕೆ ಅದನ್ನೇ ಆರಿಸಿ. ‘ಪ್ಲೇಸ್‌ಮೆಂಟ್ ಗ್ಯಾರಂಟಿ’ ಎನ್ನುವವರು, ಕೆಲಸಕ್ಕೆ ಸೇರುವ ಮೊದಲು ಠೇವಣಿ ಕೇಳುವವರು, ಮೂಲ ಅಂಕಪಟ್ಟಿ ತಮ್ಮ ಬಳಿ ಇಟ್ಟುಕೊಳ್ಳುವವರು ಸಿಕ್ಕರೆ ಎದ್ದು ಬನ್ನಿ. ಬಾಂಡ್ ಇದ್ದರೆ ಎಷ್ಟು ತಿಂಗಳು, ಬಿಟ್ಟರೆ ಎಷ್ಟು ಕಟ್ಟಬೇಕು ಎಂಬುದು ಬರವಣಿಗೆಯಲ್ಲಿ ಇರಲಿ.

ಕಾಸರಗೋಡಿನವರಿಗೆ ಒಂದು ಅನುಕೂಲ ಇದೆ, ಅದನ್ನು ರೆಸ್ಯೂಮೆಯಲ್ಲಿ ಬರೆಯಲು ಮರೆಯುತ್ತಾರೆ. ಕನ್ನಡ, ಮಲಯಾಳ, ತುಳು ಮೂರೂ ಬರುವವರಿಗೆ ಕೊಚ್ಚಿಯೂ ಬೆಂಗಳೂರೂ ಎರಡೂ ಕಡೆ ಬಾಗಿಲು ತೆರೆದಿದೆ. ಕೊಚ್ಚಿಗೆ ಹಗಲು ರೈಲು ಸಾಲು ಸಾಲು, ಬೆಂಗಳೂರಿಗೆ ಕಣ್ಣೂರಿನ ಗಾಡಿ ಸಂಜೆ ಹತ್ತಿದರೆ ಬೆಳಿಗ್ಗೆ ಸಂದರ್ಶನಕ್ಕೆ ಹೋಗಬಹುದು.

ಬೇರೆ ಪುಕ್ಕಟೆ ಸಾಧನಗಳ ಜೊತೆ ಹೋಲಿಸಿದರೆ

ಬ್ಲೆಂಡರಿನ ಕ್ಯಾಮೆರಾ ಟ್ರ್ಯಾಕರ್ ಒಳ್ಳೆಯದು, ತ್ರೀಡಿ ಇಟ್ಟು ನೋಡುವುದೂ ಅಲ್ಲೇ ಆಗುತ್ತದೆ. ರೋಟೊ ಮಾತ್ರ ನಿಧಾನ. ರಿಸಾಲ್ವ್‌ನೊಳಗಿನ ಫ್ಯೂಶನ್ ನ್ಯೂಕಿಗೆ ಹತ್ತಿರದ ನೆಂಟ, ನೋಡ್‌ಗಳ ತರ್ಕ ಒಂದೇ, ಪುಕ್ಕಟೆಯಲ್ಲೂ 3840x2160ರವರೆಗೆ ಬರೆಯುತ್ತದೆ. ಆದರೆ ಕ್ಯಾಮೆರಾ ಟ್ರ್ಯಾಕರ್, ನಾಯ್ಸ್ ರಿಡಕ್ಷನ್, ಮ್ಯಾಜಿಕ್ ಮಾಸ್ಕ್ ಬೇಕೆಂದರೆ ಸ್ಟುಡಿಯೊ ಆವೃತ್ತಿ ಕೊಳ್ಳಬೇಕು. ನೇಟ್ರಾನ್ ನೋಡಲು ನ್ಯೂಕಿನ ತದ್ರೂಪ, ಬೆಳವಣಿಗೆ ನಿಧಾನ, ಅದನ್ನೇ ನಂಬಿ ಕೂರುವಂತಿಲ್ಲ. ಪರೀಕ್ಷೆಗೆ ಕೂರುವ ಉದ್ದೇಶ ಇದ್ದರೆ ನ್ಯೂಕ್ ನಾನ್‌ಕಮರ್ಷಿಯಲ್‌ಗೆ ಐದರಲ್ಲಿ ನಾಲ್ಕೂವರೆ ಅಂಕ. ಕಳೆದ ಅರ್ಧ ಆ ಬೀಗ ಹಾಕಿದ ಕಡತಕ್ಕೆ.

ಕೆಲಸ ಸಿಗುವ ಮೊದಲೇ ಊರಿನಲ್ಲಿ ಯಾರಾದರೂ ಕರೆಯುತ್ತಾರೆ: ಮದುವೆ ವಿಡಿಯೊದಲ್ಲಿ ಕರೆಂಟಿನ ಸರಿಗೆ ಅಳಿಸಬೇಕು, ಮೇಳದ ಪ್ರೊಮೊಗೆ ಆಕಾಶ ಬದಲಿಸಬೇಕು, ಇಷ್ಟು ಕೊಡುತ್ತೇನೆ ಎಂದು. ದುಡ್ಡು ಬರುವ ಆ ಕೆಲಸವನ್ನು ಈ ಆವೃತ್ತಿಯಲ್ಲಿ ಮಾಡಬೇಡಿ, ರಿಸಾಲ್ವ್ ಅಥವಾ ಬ್ಲೆಂಡರಿನಲ್ಲಿ ಮುಗಿಸಿ. ಅಂಥ ಕೆಲಸ ತಿಂಗಳು ತಿಂಗಳು ಬರತೊಡಗಿದರೆ ವರ್ಷದ ಚಂದಾ ಕಟ್ಟಿ ನ್ಯೂಕ್ ಇಂಡಿ ತೆಗೆದುಕೊಳ್ಳಬಹುದು. ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಕಡಿಮೆ ಆದಾಯದವರಿಗಾಗಿ ಇರುವ ಆವೃತ್ತಿ ಅದು, 4ಕೆವರೆಗೆ ಹೋಗುತ್ತದೆ. ಆ ಆದಾಯದ ಗೆರೆ ದಾಟುವ ಚಿಂತೆ ಬದಿಯಡ್ಕದಲ್ಲಿ ಸದ್ಯಕ್ಕೆ ಯಾರಿಗೂ ಇರಲಾರದು.